ಕಲ್ಲಂಗಡಿ ಒಡೆದರೆ ಶಕ್ತಿ ಅಳೆದಂತಾಯ್ತಾ? ದೊಡ್ಡ ಬೋರಿನ ರಿವಾಲ್ವರ್ ಬಗ್ಗೆ ಶಿರಸಿಯಿಂದ ಬಂದ ಪ್ರಶ್ನೆ

ಪ್ರಶ್ನೆ: ನಾವು ಶಿರಸಿ ಹತ್ತಿರದ ಅಡಿಕೆ ತೋಟದವರು. ಮನೆಯಲ್ಲಿ ಅಜ್ಜನ ಕಾಲದ 12 ಬೋರ್ ಜೋಡಿ ನಳಿಗೆಯ ಕೋವಿ ಇದೆ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟಿದ್ದು. ಈಚೆಗೆ ಮಗ ಮೊಬೈಲಿನಲ್ಲಿ .44 ಮ್ಯಾಗ್ನಮ್, .500 ಮ್ಯಾಗ್ನಮ್ ಅಂತ ರಿವಾಲ್ವರ್‌ಗಳ ವಿಡಿಯೋ ತೋರಿಸುತ್ತಿರುತ್ತಾನೆ. ಒಂದು ಗುಂಡಿಗೆ ಕಲ್ಲಂಗಡಿ ಚೂರುಚೂರು, ನೀರಿನ ಕ್ಯಾನ್ ಆಕಾಶಕ್ಕೆ. ಇವುಗಳ ಶಕ್ತಿಯನ್ನು ನಿಜವಾಗಿ ಹೇಗೆ ಅಳೆಯುತ್ತಾರೆ? ನಮ್ಮ ಕೋವಿಗಿಂತ ಜಾಸ್ತಿನಾ? ತೋಟಕ್ಕೆ ನುಗ್ಗುವ ಹಂದಿಗೆ ಇಂಥದ್ದೊಂದು ಇದ್ದರೆ ಸಾಕಾ?

ಉತ್ತರ: ಎರಡನೇ ಪ್ರಶ್ನೆಯನ್ನೇ ಮೊದಲು ತಗೊಳ್ತೇನೆ, ಯಾಕಂದರೆ ಅದಕ್ಕೆ ಉತ್ತರ ಸುಲಭ. ನಿಮ್ಮ ಅಜ್ಜನ ಕೋವಿ .44 ಮ್ಯಾಗ್ನಮ್‌ಗಿಂತ ಜೋರು. ತಮಾಷೆ ಮಾಡ್ತಾ ಇಲ್ಲ. 12 ಬೋರಿನ ಸಾಮಾನ್ಯ ತೋಟಾದಲ್ಲಿ 30 ಗ್ರಾಂ ಆಸುಪಾಸು ಚರೆ ಇರುತ್ತದೆ, ಅದು ನಳಿಗೆಯಿಂದ ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ 2,000 ಜೂಲ್ ದಾಟುತ್ತದೆ. .44 ಮ್ಯಾಗ್ನಮ್‌ನ ಸಾಮಾನ್ಯ 240 ಗ್ರೇನ್ (ಸುಮಾರು 15.5 ಗ್ರಾಂ) ಗುಂಡು 1,300 ಜೂಲ್ ಹತ್ತಿರ. ಹಳೆಯ .303 ರೈಫಲ್ 3,100 ಜೂಲ್. ಅಂದರೆ ವಿಡಿಯೋದಲ್ಲಿ ಅಷ್ಟು ಗದ್ದಲ ಮಾಡುವ ರಿವಾಲ್ವರ್, ನಿಮ್ಮ ಅಟ್ಟದ ಮೇಲೋ ಬೀರುವಿನ ಹಿಂದೋ ಇರುವ ಕೋವಿಯ ಮುಕ್ಕಾಲು ಪಾಲೂ ಇಲ್ಲ. ಸ್ಮಿತ್ ಆಂಡ್ ವೆಸನ್ ಕಂಪನಿಯ .500 ಮ್ಯಾಗ್ನಮ್ ಮಾತ್ರ ಬೇರೆ ಜಾತಿ. 2003ರಲ್ಲಿ ಬಂದ ಇದು 3,500 ಜೂಲ್ ದಾಟುತ್ತದೆ, ರೈಫಲ್ ಸಾಲಿನಲ್ಲೇ ಕೂರುತ್ತದೆ. ಆದರೆ ಅದರ ಉದ್ದ ನಳಿಗೆಯ ರಿವಾಲ್ವರ್ 2 ಕಿಲೋ ತೂಗುತ್ತದೆ, ಸಿಲಿಂಡರಿಗೆ ಐದೇ ಗುಂಡು.

ಹೋಲಿಕೆಗೆ ನಮ್ಮ ದೇಶದ್ದೂ ಒಂದು ಹೇಳಿಬಿಡ್ತೇನೆ. ಇಲ್ಲಿ ಲೈಸೆನ್ಸ್ ಇರುವ ಸಾಮಾನ್ಯರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯದ್ದು ಬಹಳ ಜನಕ್ಕೆ ಗೊತ್ತು. 2014ರಲ್ಲಿ ಹೆಂಗಸರಿಗೆ ಅಂತ ನಿರ್ಭೀಕ್ ಹೆಸರಿನಲ್ಲಿ ಅರ್ಧ ಕಿಲೋ ತೂಕದ್ದೂ ಬಂತು. ಆ ಗುಂಡಿನ ಶಕ್ತಿ 150 ಜೂಲ್‌ಗೂ ಸ್ವಲ್ಪ ಕಡಿಮೆ. .44 ಅದರ ಒಂಬತ್ತು ಪಟ್ಟು. ಹಾಗಾಗಿ ನಿಮ್ಮ ಮಗನಿಗೆ ದಂಗಾಗಿದ್ದರಲ್ಲಿ ತಪ್ಪೇನಿಲ್ಲ. ರಿವಾಲ್ವರ್ ರಿವಾಲ್ವರ್ ನಡುವೆ ಇಷ್ಟು ದೂರ ಇದೆ.

ಈಗ ಅಳತೆಗೆ ಬರೋಣ. ನಾನು ಬಹಳ ವರ್ಷ ಬ್ಯಾಲಿಸ್ಟಿಕ್ಸ್, ಅಂದರೆ ಗುಂಡಿನ ಓಟ, ಹೊಡೆತ ಅಳೆಯುವ ಕೆಲಸ ಮಾಡಿ ಈಗ ಅಂಕೋಲೆಯಲ್ಲಿ ಕೂತಿರುವವನು, ಈ ವಿಷಯ ಬಂದರೆ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೇಲೆ ಹೇಳಿದ ಜೂಲ್‌ಗಳನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಅಳೆಯುವುದು ಎರಡೇ: ಗುಂಡಿನ ತೂಕ, ಗುಂಡಿನ ವೇಗ. ಉಳಿದದ್ದು ಹೈಸ್ಕೂಲಿನ ಲೆಕ್ಕ. 240 ಗ್ರೇನ್ ಅಂದರೆ 15.55 ಗ್ರಾಂ. ವೇಗ ಸೆಕೆಂಡಿಗೆ 411 ಮೀಟರ್. ವೇಗವನ್ನು ವೇಗದಿಂದಲೇ ಗುಣಿಸಿ, ತೂಕವನ್ನು ಕಿಲೋದಲ್ಲಿ ಹಾಕಿ ಗುಣಿಸಿ, ಅರ್ಧ ಮಾಡಿ. 1,313 ಜೂಲ್ ಬರುತ್ತದೆ. ಇಲ್ಲಿ ವೇಗ ಎರಡು ಸಲ ಗುಣಾಕಾರಕ್ಕೆ ಬಂತು ಅನ್ನೋದನ್ನು ನೆನಪಿಡಿ, ಕಂಪನಿಗಳ ಜಾಹೀರಾತೆಲ್ಲ ನಿಂತಿರುವುದು ಅದರ ಮೇಲೇ.

ವೇಗ ಅಳೆಯುವ ಯಂತ್ರಕ್ಕೆ ಕ್ರೋನೋಗ್ರಾಫ್ ಅನ್ನುತ್ತಾರೆ. ಹಳೆಯ ಮಾದರಿಯಲ್ಲಿ ಎರಡು ಬೆಳಕಿನ ಕಣ್ಣುಗಳು ಇರುತ್ತವೆ, ನಡುವೆ ಸಾಮಾನ್ಯವಾಗಿ 60 ಸೆಂಟಿಮೀಟರ್ ಅಂತರ. ಗುಂಡು ಮೇಲಿಂದ ಹಾದು ಹೋಗುವಾಗ ಅದರ ನೆರಳು ಮೊದಲ ಕಣ್ಣಿಗೆ ಬೀಳುತ್ತದೆ, ಆಮೇಲೆ ಎರಡನೆಯದಕ್ಕೆ. ನಡುವಿನ ಸಮಯ .44ಗೆ ಒಂದೂವರೆ ಮಿಲಿಸೆಕೆಂಡ್ ಅಷ್ಟೇ. ಯಂತ್ರ ಆ ಸಮಯವನ್ನು ಚೆನ್ನಾಗಿಯೇ ಅಳೆಯುತ್ತದೆ, ಕೈಕೊಡುವುದು ನಾವು ಇಡುವ ರೀತಿ. ಕಣ್ಣುಗಳ ಅಂತರದಲ್ಲಿ 5 ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ವೇಗದಲ್ಲಿ ಶೇಕಡಾ 1ರ ಹತ್ತಿರ ತಪ್ಪು, ಜೂಲ್ ಲೆಕ್ಕದಲ್ಲಿ ಅದು ಎರಡು ಪಟ್ಟು. ನಳಿಗೆಗೆ ತೀರಾ ಹತ್ತಿರ ಇಟ್ಟರೆ ಗುಂಡಿಗಿಂತ ಮುಂಚೆ ಹೊಗೆ, ಉರಿಯದ ಮದ್ದಿನ ಕಣ, ಬೆಂಕಿಯ ಬೆಳಕು ಹೋಗಿ ಕಣ್ಣನ್ನು ಎಬ್ಬಿಸಿಬಿಡುತ್ತವೆ. ದೊಡ್ಡ ರಿವಾಲ್ವರ್‌ಗಳಲ್ಲಿ ಈ ತಂಟೆ ಜಾಸ್ತಿ, ಅದಕ್ಕೇ 3–4 ಮೀಟರ್ ಮುಂದೆ ಇಡುತ್ತಾರೆ. ಒಳಾಂಗಣದಲ್ಲಿ ಟ್ಯೂಬ್‌ಲೈಟ್ ಇದ್ದರೆ ಇನ್ನೊಂದು ಗೋಳು. ಹಳೆಯ ಚೋಕ್ ಟ್ಯೂಬ್‌ಲೈಟ್ ನಮ್ಮ ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಆದರೆ ಯಂತ್ರಕ್ಕೆ ಕಾಣುತ್ತದೆ. ನಮ್ಮ ಕಡೆ ಜೂನ್ ಜುಲೈ ತಿಂಗಳ ಕವುಚಿಕೊಂಡ ಆಕಾಶದಲ್ಲಿ, ಹನಿ ಬೀಳುವಾಗ, ಈ ಬೆಳಕಿನ ಕ್ರೋನೋಗ್ರಾಫ್ ನಂಬಿ ಕೂತರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಈಗ ಡಾಪ್ಲರ್ ರೇಡಾರ್ ಮಾದರಿಯವು ಬಂದಿವೆ, ಪಕ್ಕದಲ್ಲಿ ಇಟ್ಟರೆ ಸಾಕು, ಬೆಳಕಿನ ಹಂಗಿಲ್ಲ.

ಒಂದು ಗುಂಡಿನ ವೇಗ ನೋಡಿ ತೀರ್ಪು ಕೊಡಬಾರದು. ಹತ್ತು ಹೊಡೆದು ಸರಾಸರಿ ತೆಗೆಯಬೇಕು, ಅದರ ಜೊತೆಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ನಡುವೆ ಎಷ್ಟು ದೂರ ಇದೆ ಅಂತಲೂ ಬರೆದುಕೊಳ್ಳಬೇಕು.

ಇಲ್ಲಿಂದ ಮುಂದೆ ರಿವಾಲ್ವರ್‌ಗೇ ಸೇರಿದ ವಿಷಯ, ಕೋವಿಯಲ್ಲಿ, ರೈಫಲಿನಲ್ಲಿ ಇದು ಇಲ್ಲ. ರಿವಾಲ್ವರ್‌ನಲ್ಲಿ ತೋಟಾ ಇರುವ ಸಿಲಿಂಡರ್ ಬೇರೆ, ನಳಿಗೆ ಬೇರೆ. ಸಿಲಿಂಡರ್ ತಿರುಗಬೇಕಲ್ಲ, ಅದಕ್ಕೆ ನಡುವೆ ಒಂದು ಸಂದು ಬಿಟ್ಟಿರುತ್ತಾರೆ. 0.1 ರಿಂದ 0.25 ಮಿಲಿಮೀಟರ್, ಅಷ್ಟೇ. ದೀಪದ ಎದುರು ಹಿಡಿದು ಪಕ್ಕದಿಂದ ನೋಡಿದರೆ ಕೂದಲಿನ ಗೆರೆಯ ಹಾಗೆ ಬೆಳಕು ಕಾಣುತ್ತದೆ. ಪ್ರತಿ ಗುಂಡಿಗೂ ಆ ಸಂದಿನಿಂದ ಬಿಸಿ ಗಾಳಿ ಎರಡೂ ಪಕ್ಕಕ್ಕೆ ಬ್ಲೇಡಿನಂತೆ ನುಗ್ಗುತ್ತದೆ. .500 ಹಿಡಿದವನ ಬೆರಳು ಅಲ್ಲಿ ಇದ್ದರೆ ಬೆರಳಿನ ಆಸೆ ಬಿಡಬೇಕು. ಸಂದು ದೊಡ್ಡದಾದಷ್ಟೂ ವೇಗ ಸೋರಿ ಹೋಗುತ್ತದೆ. ಒಂದೇ ಮಾದರಿಯ ಎರಡು ರಿವಾಲ್ವರ್, ಒಂದೇ ಪೆಟ್ಟಿಗೆಯ ತೋಟಾ, ಆದರೂ ಸೆಕೆಂಡಿಗೆ 15–20 ಮೀಟರ್ ವ್ಯತ್ಯಾಸ ಬರಬಹುದು. ಯಾವುದೂ ಹಾಳಾಗಿದೆ ಅಂತ ಅರ್ಥ ಅಲ್ಲ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗ ಯಾವ ನಳಿಗೆಯಲ್ಲಿ ಅಳೆದದ್ದು ಅನ್ನೋದನ್ನೂ ಕೇಳಬೇಕು. 1935ರಲ್ಲಿ .357 ಮ್ಯಾಗ್ನಮ್ ಬಂದಾಗ ಸೆಕೆಂಡಿಗೆ 1,515 ಅಡಿ ವೇಗ ಅಂತ ಡಂಗುರ ಸಾರಿದರು. ಅದು ಎಂಟೂಮುಕ್ಕಾಲು ಇಂಚಿನ ನಳಿಗೆಯ ಮಾತು. ಅಷ್ಟುದ್ದದ ರಿವಾಲ್ವರ್ ಯಾರು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಾರೆ? ಇವತ್ತಿನ ಪ್ರಮಾಣ ಪರೀಕ್ಷೆಯಲ್ಲಿ ನಾಲ್ಕಿಂಚಿನ ನಳಿಗೆ, ಸಂದಿನ ಸೋರಿಕೆಗೂ ವ್ಯವಸ್ಥೆ ಮಾಡಿ ಅಳೆಯುತ್ತಾರೆ, ಅದರಲ್ಲಿ ಅದೇ ತೂಕದ ಗುಂಡಿಗೆ 1,235 ಅಡಿ ಬರುತ್ತದೆ. ಜೂಲ್‌ಗೆ ತಿರುಗಿಸಿ ನೋಡಿ: 1,090 ಇದ್ದದ್ದು 725ಕ್ಕೆ ಇಳಿಯಿತು. ಹೆಸರು ಒಂದೇ, ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಮಾಯ.

ಇನ್ನೊಂದು ಸಣ್ಣ ಸಂಗತಿ ಇದೆ, ಅನುಭವ ಇಲ್ಲದವರು ಇದನ್ನು ಗಮನಿಸುವುದೇ ಇಲ್ಲ. .38 ಸ್ಪೆಷಲ್‌ನಂಥ ಹಳೆಯ ತೋಟಾಗಳು ಹುಟ್ಟಿದ್ದು ಕಪ್ಪು ಮದ್ದಿನ ಕಾಲದ ಅಳತೆಗೆ. ಒಳಗೆ ಜಾಗ ಜಾಸ್ತಿ, ಈಗಿನ ಹೊಗೆಯಿಲ್ಲದ ಮದ್ದು ಸ್ವಲ್ಪವೇ ಸಾಕು. ಹಾಗಾಗಿ ಮದ್ದು ಒಳಗೆ ಸರಿದಾಡುತ್ತಿರುತ್ತದೆ. ನಳಿಗೆಯನ್ನು ಒಮ್ಮೆ ಮೇಲಕ್ಕೆ ಎತ್ತಿ ನಿಧಾನ ಇಳಿಸಿ ಹೊಡೆದರೆ ಮದ್ದು ಹಿಂದೆ, ಕಿಡಿ ಕೊಡುವ ಕೇಪಿನ ಹತ್ತಿರ ಕೂತಿರುತ್ತದೆ, ವೇಗ ಜಾಸ್ತಿ. ಕೆಳಕ್ಕೆ ಬಾಗಿಸಿ ಎತ್ತಿ ಹೊಡೆದರೆ ಮದ್ದು ಮುಂದೆ, ವೇಗ ಕಡಿಮೆ. ಪರೀಕ್ಷೆ ಮಾಡುವವನು ಪ್ರತಿ ಸಲವೂ ಒಂದೇ ರೀತಿ ಎತ್ತಿ ಇಳಿಸಬೇಕು. ಪೂರ್ತಿ ತುಂಬಿದ .44ರಲ್ಲಿ ಈ ಕಾಟ ಇಲ್ಲ, ಒಳಗೆ ಸರಿದಾಡಲು ಜಾಗವೇ ಇರುವುದಿಲ್ಲ.

ಇಲ್ಲಿಗೆ ವೇಗ ಗೊತ್ತಾಯ್ತು, ಜೂಲ್ ಗೊತ್ತಾಯ್ತು. ಶಕ್ತಿ ಗೊತ್ತಾಯ್ತಾ? ಇಲ್ಲ. ಜಗಳ ಶುರುವಾಗುವುದೇ ಇಲ್ಲಿಂದ.

ಕ್ರೋನೋಗ್ರಾಫ್ ಹುಟ್ಟುವುದಕ್ಕೆ ಬಹಳ ಮುಂಚೆ, 1742ರಲ್ಲಿ, ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಅನ್ನುವವರು ಒಂದು ಉಪಾಯ ಪ್ರಕಟಿಸಿದರು. ಭಾರವಾದ ಮರದ ದಿಮ್ಮಿಯನ್ನು ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು, ದಿಮ್ಮಿ ಎಷ್ಟು ದೂರ ಓಲಾಡಿತು ಅಂತ ನೋಡಿ ಗುಂಡಿನ ವೇಗ ಲೆಕ್ಕ ಹಾಕುವುದು. ನಿಮ್ಮ .44 ಗುಂಡನ್ನು 10 ಕಿಲೋ ದಿಮ್ಮಿಗೆ ಹೊಡೆದರು ಅಂದುಕೊಳ್ಳಿ, ಗುಂಡು ಒಳಗೇ ಉಳಿಯಿತು ಅಂತಲೂ ಅಂದುಕೊಳ್ಳಿ. ದಿಮ್ಮಿ ಎಷ್ಟು ಎತ್ತರಕ್ಕೆ ಏಳಬಹುದು? 1,300 ಜೂಲ್ ಅಂದರೆ 10 ಕಿಲೋ ಭಾರವನ್ನು 13 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಡಿಕೆ ಮರದಷ್ಟು ಎತ್ತರಕ್ಕೆ ಎತ್ತುವ ಶಕ್ತಿ. ಆದರೆ ದಿಮ್ಮಿ ಏಳುವುದು 2 ಸೆಂಟಿಮೀಟರ್. ಹೌದು, ಎರಡೇ. ಅದರಲ್ಲಿ ಚಲನೆಯಾಗಿ ಉಳಿದದ್ದು ಬರೀ 2 ಜೂಲ್. ಉಳಿದ 1,311 ಜೂಲ್ ಮರ ಸೀಳಲು, ಸೀಸ ಚಪ್ಪಟೆಯಾಗಲು, ಬಿಸಿಯಾಗಲು ಹೋಯಿತು.

ಯಾಕೆ ಹೀಗೆ ಅಂದರೆ, ಒಂದು ವಸ್ತುವನ್ನು ತಳ್ಳುವುದು ಜೂಲ್ ಅಲ್ಲ. ತಳ್ಳುವುದು ತೂಕ ಗುಣಿಸು ವೇಗ, ಅಂದರೆ ಸಂವೇಗ. ಅಲ್ಲಿ ವೇಗ ಒಂದೇ ಸಲ ಬರುತ್ತದೆ. .44ರ ಸಂವೇಗ 6.4. ಅದನ್ನು ಗುಂಡು ತಾಗಿದ ಮನುಷ್ಯನ 70 ಕಿಲೋ ತೂಕದಿಂದ ಭಾಗಿಸಿ, ಅವನು ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 9 ಸೆಂಟಿಮೀಟರ್. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿಯಿರಿ ಅಂತ ಮೈ ತಾಗಿಸಿದರೆ ಇದಕ್ಕಿಂತ ಜಾಸ್ತಿ ಸರಿಯುತ್ತೇವೆ. ಸಿನಿಮಾದಲ್ಲಿ ಗುಂಡು ತಾಗಿದವನು ಹಿಂದಕ್ಕೆ ಹಾರಿ ಗಾಜಿನ ಕಿಟಕಿ ಒಡೆದುಕೊಂಡು ಬೀಳುವುದು ಶುದ್ಧ ಸುಳ್ಳು. ಹಾಗೇನಾದರೂ ಆಗುವುದಿದ್ದರೆ ಹೊಡೆದವನೂ ಅಷ್ಟೇ ಜೋರಾಗಿ ಹಿಂದಕ್ಕೆ ಹಾರಬೇಕಲ್ವಾ?

ಹಾಗಾಗಿ ಒಂದು ಪಂಗಡ ಜೂಲ್ ಅನ್ನುತ್ತದೆ, ಹಗುರ ಗುಂಡು, ಹೆಚ್ಚು ವೇಗ. ಇನ್ನೊಂದು ಪಂಗಡ ಸಂವೇಗ ಅನ್ನುತ್ತದೆ, ಭಾರದ ಗುಂಡು, ದೊಡ್ಡ ಬೋರು. ಆಫ್ರಿಕಾದಲ್ಲಿ ಆನೆ ಬೇಟೆಯಾಡುತ್ತಿದ್ದ ಜಾನ್ ಟೇಲರ್ ಅನ್ನುವವರು ಸಂವೇಗವನ್ನು ಗುಂಡಿನ ಅಗಲದಿಂದಲೂ ಗುಣಿಸಿ ತಮ್ಮದೇ ಒಂದು ಸೂತ್ರ ಮಾಡಿದರು, ಈಗಲೂ ಜನ ಅದನ್ನು ಹಿಡಿದುಕೊಂಡು ಕಾದಾಡುತ್ತಾರೆ. ನನಗೆ ಕೇಳಿದರೆ ಯಾವ ಸೂತ್ರವೂ ಗುಂಡು ಮೈಯೊಳಗೆ ಹೊಕ್ಕ ಮೇಲೆ ಏನು ಮಾಡುತ್ತದೆ ಅಂತ ಹೇಳುವುದಿಲ್ಲ. ಅದನ್ನು ಹೊಡೆದೇ ನೋಡಬೇಕು.

ಹೊಡೆದು ನೋಡಿದ್ದೂ ಆಗಿದೆ, ಅಷ್ಟೇನೂ ಹೆಮ್ಮೆಪಡುವ ಕತೆ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ಸೈನ್ಯದ .38 ರಿವಾಲ್ವರ್‌ಗಳು ಎದುರಾಳಿಯನ್ನು ನಿಲ್ಲಿಸುತ್ತಿಲ್ಲ ಅಂತ ದೂರು ಬಂತು. 1904ರಲ್ಲಿ ಥಾಂಪ್ಸನ್ ಅನ್ನುವ ಸೇನಾಧಿಕಾರಿ ಮತ್ತು ಲಗಾರ್ಡ್ ಅನ್ನುವ ಸೇನೆಯ ವೈದ್ಯ ಸೇರಿ ಬೇರೆ ಬೇರೆ ಬೋರುಗಳನ್ನು ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೆ, ಮನುಷ್ಯರ ಹೆಣಗಳ ಮೇಲೆ ಹೊಡೆದು ನೋಡಿದರು. ಕೊನೆಗೆ .45ಕ್ಕಿಂತ ಸಣ್ಣ ಬೋರು ಬೇಡ ಅಂತ ವರದಿ ಕೊಟ್ಟರು, ಮುಂದೆ 1911ರ ಪ್ರಸಿದ್ಧ .45 ಪಿಸ್ತೂಲಿಗೆ ಅದೇ ದಾರಿಯಾಯಿತು. ಆದರೆ ಪರೀಕ್ಷೆ ಪರೀಕ್ಷೆಯಾಗಿರಲಿಲ್ಲ. ಪ್ರಾಣಿಗಳು ಕಡಿಮೆ, ಗುಂಡು ತಾಗಿದ ಜಾಗ ಒಂದೊಂದಕ್ಕೆ ಒಂದೊಂದು, ಹೊಡೆದ ರೀತಿಯೂ ಒಂದೇ ಇರಲಿಲ್ಲ. ಎಲ್ಲಿ ತಾಗಿತು ಅನ್ನೋದು ಬದಲಾದರೆ ಬೋರಿನ ಬಗ್ಗೆ ಏನು ಹೇಳಲಿಕ್ಕಾಗುತ್ತದೆ?

ಆ ಕಾಲದಲ್ಲಿ ಪೈನ್ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ ಎಷ್ಟು ತೂತಾಯಿತು ಅಂತ ಎಣಿಸುವ ಕ್ರಮವೂ ಇತ್ತು. ನಿಮ್ಮ ಕಡೆ ಹಲಸು, ಮತ್ತಿ, ಸಾಗುವಾನಿ ಹಲಗೆಗಳನ್ನು ಹಾಗೆ ನಿಲ್ಲಿಸಿದರೆ ಮೂರಕ್ಕೂ ಮೂರು ಉತ್ತರ ಬರುತ್ತದೆ, ಮರ ಹಸಿಯೋ ಒಣಗಿದ್ದೋ ಅನ್ನೋದರ ಮೇಲೆ ಇನ್ನೂ ಮೂರು.

ಈ ಗೊಂದಲಕ್ಕೆ ಒಂದು ಶಿಸ್ತು ಬಂದದ್ದು ಜೆಲಾಟಿನ್‌ನಿಂದ. ಅಮೆರಿಕದ ಸೇನೆಯ ಶಸ್ತ್ರಚಿಕಿತ್ಸಕ ಮಾರ್ಟಿನ್ ಫ್ಯಾಕ್ಲರ್ ಇದನ್ನು ಗಟ್ಟಿ ಮಾಡಿದರು. ತೂಕದಲ್ಲಿ ಒಂದು ಪಾಲು ಜೆಲಾಟಿನ್, ಒಂಬತ್ತು ಪಾಲು ನೀರು. ನೀರು ಕುದಿಯುವಷ್ಟು ಬಿಸಿ ಮಾಡಬಾರದು, ಜೆಲಾಟಿನ್ ಬಲ ಕಳೆದುಕೊಳ್ಳುತ್ತದೆ. ಅಚ್ಚಿಗೆ ಹೊಯ್ದು ಫ್ರಿಜ್ಜಿನಲ್ಲಿಟ್ಟು 4 ಡಿಗ್ರಿಗೆ ತಂದರೆ, ಹಾಲುಬಾಯಿ ತಟ್ಟೆಯಲ್ಲಿ ಗಟ್ಟಿಯಾಗಿ ಕೂತಿರುತ್ತದಲ್ಲ, ಹಾಗೆ ಒಂದು ದಿಮ್ಮಿ ಸಿದ್ಧವಾಗುತ್ತದೆ. ಗುಂಡು ಎಷ್ಟು ಆಳ ಹೋಗುತ್ತದೆ ಅನ್ನೋದರಲ್ಲಿ ಇದು ಮಾಂಸಕ್ಕೆ ಬಹಳ ಹತ್ತಿರ.

ದಿಮ್ಮಿ ಸರಿಯಾಗಿದೆಯಾ ಅಂತ ಮೊದಲು ಅದನ್ನೇ ಪರೀಕ್ಷೆ ಮಾಡಬೇಕು. 4.5 ಮಿಲಿಮೀಟರ್ ಉಕ್ಕಿನ ಸಣ್ಣ ಗೋಲಿಯನ್ನು ಏರ್‌ಗನ್‌ನಿಂದ ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಎಂಟೂವರೆ ಸೆಂಟಿಮೀಟರ್ ಒಳಗೆ ಹೋಗಿ ನಿಲ್ಲಬೇಕು, ಒಂದು ಸೆಂಟಿಮೀಟರ್ ಆಚೀಚೆ ನಡೆಯುತ್ತದೆ. ಅದಕ್ಕಿಂತ ಆಳ ಹೋದರೆ ದಿಮ್ಮಿ ಮೆತ್ತಗಾಗಿದೆ, ಆ ದಿನದ ಅಂಕಿಗೆಲ್ಲ ಬೆಲೆ ಇಲ್ಲ. ಕಾರವಾರದಲ್ಲೋ ಕುಮಟಾದಲ್ಲೋ ಏಪ್ರಿಲ್ ತಿಂಗಳಲ್ಲಿ ಇದನ್ನು ಬಯಲಿಗೆ ತಂದಿಟ್ಟರೆ ಏನಾಗುತ್ತದೆ ಅಂತ ನಾನು ಹೇಳಬೇಕಾ? ಫ್ರಿಜ್ಜಿನಿಂದ ತೆಗೆದ ದಿಮ್ಮಿಯ ಮೈಮೇಲೆ ಮೊದಲು ನೀರಿನ ಹನಿ ಕೂರುತ್ತದೆ, ಆಮೇಲೆ ಅಂಚು ಮೆತ್ತಗಾಗಿ ಹೊಳೆಯತೊಡಗುತ್ತದೆ, ಬೆರಳಿಟ್ಟರೆ ಅಂಟುತ್ತದೆ. ಎಲ್ಲ ಗುಂಡೂ ಇದ್ದದ್ದಕ್ಕಿಂತ ಆಳ ಹೋದಂತೆ ಕಾಣುತ್ತದೆ. ಮಟ್ಟಸವಾಗಿ ಕೆಲಸ ಮಾಡುವವರು ಐಸ್ ಪೆಟ್ಟಿಗೆಯಿಂದ ತೆಗೆದು ಕೂಡಲೇ ಹೊಡೆದು ಮುಗಿಸುತ್ತಾರೆ, ಎಸಿ ಕೋಣೆ ಇದ್ದರೆ ಇನ್ನೂ ಒಳ್ಳೆಯದು.

1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಶುರುವಿನಲ್ಲೇ ತಾಗಿದ ಒಂದು ಪಿಸ್ತೂಲು ಗುಂಡು ತೋಳು ದಾಟಿ ಎದೆಗೂಡಿಗೆ ಹೋಯಿತು, ಆದರೆ ಹೃದಯ ಮುಟ್ಟುವ ಮುಂಚೆ ನಿಂತುಬಿಟ್ಟಿತು. ಆ ಮನುಷ್ಯ ಅದಾದ ಮೇಲೂ ಹೊಡೆಯುತ್ತಲೇ ಇದ್ದ. ಇಬ್ಬರು ಏಜೆಂಟರು ಸತ್ತರು. ಅದಾದ ಮೇಲೆ ಎಫ್‌ಬಿಐ ಮಾಡಿದ ನಿಯಮ ಇವತ್ತಿಗೂ ನಡೆಯುತ್ತಿದೆ: ಜೆಲಾಟಿನ್‌ನಲ್ಲಿ ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು, ಅಂದರೆ 30 ರಿಂದ 46 ಸೆಂಟಿಮೀಟರ್ ಹೋಗಬೇಕು. ಬರೀ ಜೆಲಾಟಿನ್, ದಪ್ಪ ಬಟ್ಟೆ ಹೊದಿಸಿ, ತಗಡು, ಗೋಡೆ ಹಲಗೆ, ಪ್ಲೈವುಡ್, ಕಾರಿನ ಗಾಜು, ಇವೆಲ್ಲ ಎದುರಿಗಿಟ್ಟೂ ಹೊಡೆದು ನೋಡಬೇಕು. ಗಮನಿಸಿ, ಇದರಲ್ಲಿ ಜೂಲ್‌ಗೆ ಅಂಕ ಇಲ್ಲ.

ಇದೇ ದಿಮ್ಮಿಗೆ .44 ಹೊಡೆದರೆ ಎರಡು ಥರದ ಫಲ ಬರುತ್ತದೆ. ಮೂತಿಯಲ್ಲಿ ತೂತಿರುವ ಗುಂಡಾದರೆ ಹೂವಿನಂತೆ ಬಿಚ್ಚಿಕೊಂಡು ಅಗಲವಾಗಿ ಬೇಗ ನಿಲ್ಲುತ್ತದೆ. ಗಟ್ಟಿ ಸೀಸದ, ಚಪ್ಪಟೆ ಮೂತಿಯ ಗುಂಡಾದರೆ ಬಿಚ್ಚಿಕೊಳ್ಳುವುದಿಲ್ಲ, ಒಂದು ದಿಮ್ಮಿ ಸಾಲದು, ಹಿಂದೆ ಇನ್ನೊಂದು ಇಡಬೇಕು. ಜೂಲ್ ಹೆಚ್ಚುಕಡಿಮೆ ಅಷ್ಟೇ, ಕೆಲಸ ಮಾತ್ರ ಪೂರ್ತಿ ಬೇರೆ. ಕರಡಿ ಇರುವ ಕಾಡಿನಲ್ಲಿ ತಿರುಗುವ ಅಮೆರಿಕದವರು ಎರಡನೆಯದನ್ನು ತುಂಬಿಕೊಳ್ಳುತ್ತಾರೆ, ಪೇಟೆಯವರು ಮೊದಲನೆಯದನ್ನು.

ಈಗ ನಿಮ್ಮ ಕಲ್ಲಂಗಡಿ. ಗುಂಡು ನೀರಿನಂಥ ವಸ್ತುವಿನೊಳಗೆ ಹೋಗುವಾಗ ಸುತ್ತಲಿನದ್ದನ್ನು ಪಕ್ಕಕ್ಕೆ ದೂಡುತ್ತದೆ, ಕ್ಷಣಕಾಲ ಒಂದು ದೊಡ್ಡ ಟೊಳ್ಳು ಏರ್ಪಡುತ್ತದೆ. ಕಲ್ಲಂಗಡಿಯ ಸಿಪ್ಪೆ ಹಿಗ್ಗುವುದಿಲ್ಲ, ಮುಚ್ಚಿದ ಕ್ಯಾನ್‌ನಲ್ಲಿ ನೀರಿಗೆ ಹೋಗಲು ದಾರಿ ಇಲ್ಲ, ನೀರು ಕುಗ್ಗುವುದೂ ಇಲ್ಲ. ಸಿಡಿಯಲೇಬೇಕು. ಎಳನೀರಿನ ಬೊಂಡವೂ ಹಾಗೇ. ಆದರೆ ಮಾಂಸ, ಚರ್ಮ ರಬ್ಬರಿನಂತೆ ಹಿಗ್ಗಿ ವಾಪಸ್ ಬರುತ್ತವೆ. ರಿವಾಲ್ವರ್ ವೇಗದಲ್ಲಿ ಆ ಟೊಳ್ಳು ಹೆಚ್ಚಾಗಿ ಮುಚ್ಚಿಕೊಂಡುಬಿಡುತ್ತದೆ, ಉಳಿಯುವುದು ಗುಂಡು ಹೋದ ದಾರಿ. ರೈಫಲ್ ವೇಗಕ್ಕೆ ಹೋದರೆ ಲೆಕ್ಕ ಬೇರೆ. ಹಾಗಾಗಿ ಕಲ್ಲಂಗಡಿ ಸಿಡಿದದ್ದು ನೋಡಿ ನಮಗೆ ಗೊತ್ತಾಗುವುದು ಕಲ್ಲಂಗಡಿಯ ಸ್ವಭಾವ ಮಾತ್ರ. ಸುಮ್ನೆ ಹಣ್ಣು ದಂಡ. ಕೆಲವು ವಿಡಿಯೋಗಳಲ್ಲಿ ಗಾಜಿನಂತೆ ತಿಳಿಯಾದ ದಿಮ್ಮಿಯೊಳಗೆ ಬೆಂಕಿ ಝಗ್ ಅಂತ ಹೊತ್ತಿಕೊಳ್ಳುವುದನ್ನೂ ನಿಮ್ಮ ಮಗ ನೋಡಿರಬಹುದು. ಅದು ಗುಂಡಿನ ಪವಾಡ ಏನಲ್ಲ. ಆ ಕೃತಕ ಜೆಲ್ ಮಾಡಿರುವುದು ಖನಿಜ ಎಣ್ಣೆಯಿಂದ. ಟೊಳ್ಳು ಒಮ್ಮೆಗೇ ಮುಚ್ಚಿಕೊಳ್ಳುವಾಗ ಎಣ್ಣೆಯ ಆವಿ ಒತ್ತಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಡೀಸೆಲ್ ಇಂಜಿನ್ ನಡೆಯುವ ತತ್ವವೂ ಅದೇ. ನೋಡಲು ಚೆಂದ, ಸಾಗಿಸಲು ಸುಲಭ, ಸೆಖೆಗೆ ಕರಗುವುದಿಲ್ಲ, ಆದರೆ ಅದರ ಆಳದ ಅಂಕಿಯನ್ನು ಅಸಲಿ ಜೆಲಾಟಿನ್ ಅಂಕಿಯ ಪಕ್ಕ ಇಡಬಾರದು.

ದೊಡ್ಡ ರಿವಾಲ್ವರ್‌ನ ನಿಜವಾದ ಪರೀಕ್ಷೆ ಅಂತ ನಾನು ಹೇಳುವುದು ಗುಂಡಿನ ಆ ತುದಿಯಲ್ಲಿ ಅಲ್ಲ, ಈ ತುದಿಯಲ್ಲಿ. ಹೊಡೆಯುವವನ ಕೈಯಲ್ಲಿ. ಗುಂಡಿಗೂ ಅದರ ಹಿಂದಿನ ಗಾಳಿಗೂ ಎಷ್ಟು ಸಂವೇಗ ಸಿಕ್ಕಿತೋ ಅಷ್ಟೇ ರಿವಾಲ್ವರ್‌ಗೂ ಹಿಂದಕ್ಕೆ ಸಿಗುತ್ತದೆ. ಲೆಕ್ಕ ಹಾಕಿದರೆ .32ರ ಒದೆ 2 ಜೂಲ್ ಒಳಗೆ. 1.35 ಕಿಲೋ ತೂಕದ .44ರಲ್ಲಿ ಸುಮಾರು 25. 2 ಕಿಲೋದ .500ರಲ್ಲಿ 60 ದಾಟುತ್ತದೆ. ನಿಮ್ಮ 12 ಬೋರ್ 30ರ ಹತ್ತಿರ. ಅಂದರೆ .44ರ ಒದೆ ನಿಮ್ಮ ಕೋವಿಯಷ್ಟೇ ಅಂತಾಯಿತು, ಆದರೆ ಕೋವಿಯನ್ನು ಹೆಗಲಿಗೆ ಒತ್ತಿ ಹಿಡಿಯುತ್ತೀರಿ, ಇಲ್ಲಿ ಅದನ್ನೆಲ್ಲ ಮಣಿಕಟ್ಟು ತಡೆಯಬೇಕು. ಅದಕ್ಕೇ ಬಹಳ ಜನ ಮೊದಲ ಗುಂಡು ಹೊಡೆದ ಮೇಲೆ ಎರಡನೆಯದಕ್ಕೆ ಕುದುರೆ (ಟ್ರಿಗರ್) ಎಳೆಯುವ ಮುಂಚೆಯೇ ಕಣ್ಣು ಮುಚ್ಚಿ ನಳಿಗೆ ಕೆಳಗೆ ಅದುಮುತ್ತಾರೆ. 1,300 ಜೂಲ್ ಮಣ್ಣಿಗೆ.

ಇದರಿಂದ ರಿವಾಲ್ವರ್‌ಗೇ ಆಗುವ ಒಂದು ತೊಂದರೆಯನ್ನೂ ಪರೀಕ್ಷಿಸುತ್ತಾರೆ, ಇದು ನನಗೆ ಬಹಳ ಇಷ್ಟದ ಪರೀಕ್ಷೆ. ಸಿಲಿಂಡರಿಗೆ ಆರು ತೋಟಾ ಹಾಕುವ ಮುಂಚೆ ಆರನೆಯದರ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಳ್ಳಬೇಕು. ಐದು ಹೊಡೆದು, ಆರನೆಯದನ್ನು ಹೊರತೆಗೆದು ಮತ್ತೆ ಅಳೆಯಬೇಕು. ಒಂದೊಂದು ಈಡಿಗೂ ರಿವಾಲ್ವರ್ ಹಿಂದಕ್ಕೆ ಎಗರುತ್ತದೆ, ಹಿತ್ತಾಳೆಯ ಕೊಳವೆ ಅದರ ಜೊತೆ ಹಿಂದೆ ಹೋಗುತ್ತದೆ, ಅದರ ಬಾಯಲ್ಲಿ ಕಚ್ಚಿಕೊಂಡಿರುವ ಭಾರದ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಕಚ್ಚು ಸಡಿಲ ಇದ್ದರೆ ಗುಂಡು ಕೂದಲೆಳೆ ಕೂದಲೆಳೆಯಾಗಿ ಹೊರಗೆ ಬರುತ್ತದೆ. ಕೊನೆಗೆ ಸಿಲಿಂಡರಿನಿಂದ ಮೂತಿ ಚಾಚಿ ನಳಿಗೆಯ ಹಿಂಭಾಗಕ್ಕೆ ತಗಲಿಕೊಂಡರೆ ಮುಗಿಯಿತು, ಸಿಲಿಂಡರ್ ತಿರುಗುವುದಿಲ್ಲ, ರಿವಾಲ್ವರ್ ಸುತ್ತಿಗೆಗೆ ಸಮ. ಹಗುರವಾದ ರಿವಾಲ್ವರಿನಲ್ಲಿ ಭಾರದ ಗುಂಡು ಹಾಕಿದಾಗ ಇದು ಜಾಸ್ತಿ. ಒಳಗಿನ ಒತ್ತಡದ ವಿಷಯವೂ ಇದೆ: .44ಗೆ ಇರುವ ಮಿತಿ ಚದರ ಇಂಚಿಗೆ 36,000 ಪೌಂಡ್, ಅದಕ್ಕಿಂತ ಜೋರಾದ .454 ಕಸೂಲ್ ಅನ್ನುವ ತೋಟಾ‌ಗೆ 65,000. ಹೆಚ್ಚುಕಡಿಮೆ ಎರಡು ಪಟ್ಟು. ಅದನ್ನು ತಡೆಯುವ ಉಕ್ಕು, ಸಿಲಿಂಡರಿನ ಗೋಡೆಯ ದಪ್ಪ ಎಲ್ಲ ಬೇರೆಯೇ ಲೆಕ್ಕ.

ಹಂದಿಯ ಪ್ರಶ್ನೆ ಬಾಕಿ ಇದೆ. ಬೇಡ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡುಹಂದಿ ಹೊಡೆಯುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಅದು ಮೊದಲ ಮಾತು. ಎರಡನೆಯದು, ಇಂಥ ರಿವಾಲ್ವರ್ ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಸಿಗುವ ವಸ್ತುವೇ ಅಲ್ಲ. .38, 9 ಎಂಎಂ ಕೂಡ ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. ಬೆಳೆ ರಕ್ಷಣೆ ಲೈಸೆನ್ಸ್ ಇರುವುದು ನಿಮ್ಮ ಕೈಯಲ್ಲಿರುವಂಥ ಕೋವಿಗೆ, ಅದನ್ನೂ ಚುನಾವಣೆ ಬಂತೆಂದರೆ ಠಾಣೆಗೆ ಹೊತ್ತುಕೊಂಡು ಹೋಗಿ ಇಡಬೇಕು, ನಿಮಗೇ ಗೊತ್ತು. ಮೂರನೆಯದು, ಬ್ಯಾಟರಿ ಬೆಳಕಿನಲ್ಲಿ ಓಡುವ ಪ್ರಾಣಿಗೆ ಹೆಗಲಿಗೆ ಆತುಕೊಂಡ ಕೋವಿಯಲ್ಲೇ ಗುರಿ ಸಿಗುವುದು ಕಷ್ಟ, ಮಣಿಕಟ್ಟಿನ ಮೇಲೆ ಕುಣಿಯುವ ರಿವಾಲ್ವರಿನಲ್ಲಿ ಸಿಗುತ್ತದಾ? ಸೌರ ಬೇಲಿಗೆ ದುಡ್ಡು ಹಾಕಿ.

ಮಗನಿಗೆ ನಿಜವಾಗಿಯೂ ಅಳತೆಯ ಆಸೆ ಇದ್ದರೆ ರಾಬಿನ್ಸ್‌ರ ಉಪಾಯವನ್ನು ಏರ್‌ಗನ್‌ನಲ್ಲಿ ಮಾಡಿಸಿ, ನೀವು ಪಕ್ಕದಲ್ಲಿ ನಿಂತು. .177 ಬೋರಿನ, 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ ಅಂತ 2016ರ ಶಸ್ತ್ರ ನಿಯಮ ಹೇಳುತ್ತದೆ. ಒಂದು ಸಣ್ಣ ಡಬ್ಬಿಗೆ ಮೆತ್ತನೆ ಜೇಡಿಮಣ್ಣು ಒತ್ತಿ ತುಂಬಿ, ಒಟ್ಟು ಅರ್ಧ ಕಿಲೋ ಆಗಲಿ, 1 ಮೀಟರ್ ಉದ್ದಕ್ಕೆ ಎರಡು ದಾರದಲ್ಲಿ ತೂಗುಹಾಕಿ. ಹಿಂದೆ ಮಣ್ಣಿನ ಧರೆ ಇರಬೇಕು, ಕಣ್ಣಿಗೆ ಕನ್ನಡಕ ಇರಬೇಕು, ಕೊಟ್ಟಿಗೆಯ ಕಡೆಗೂ ರಸ್ತೆಯ ಕಡೆಗೂ ಮೂತಿ ಬೇಡ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ವಿಡಿಯೋ ಮಾಡಿ. ಅರ್ಧ ಗ್ರಾಂ ಪೆಲ್ಲೆಟ್‌ಗೆ ಡಬ್ಬಿ ಹಿಂದಕ್ಕೆ ಐದೂವರೆ ಸೆಂಟಿಮೀಟರ್ ಸರಿದರೆ ವೇಗ ಸೆಕೆಂಡಿಗೆ 170 ಮೀಟರ್, ಶಕ್ತಿ 7 ಜೂಲ್. 8 ಸೆಂಟಿಮೀಟರ್ ಸರಿದರೆ 250 ಮೀಟರ್, 16 ಜೂಲ್. 9 ದಾಟಿದರೆ ನಿಮ್ಮ ಏರ್‌ಗನ್ 20 ಜೂಲ್ ಮಿತಿಯ ಅಂಚಿಗೆ ಬಂದಿದೆ ಅಂತ ಅರ್ಥ, ಆಗ ಪೆಲ್ಲೆಟ್‌ನ ತೂಕವನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ಒಮ್ಮೆ ನೋಡಿ ಮತ್ತೆ ಲೆಕ್ಕ ಹಾಕಿ.